ಜಿಪ್ಸಿಯ ಕಾರ್ಬುರೇಟರ್ ಇಳಿಸಿ ಇಂಜೆಕ್ಷನ್ ಏರಿಸಿದ್ದು

ನಮ್ಮ ಮನೆಯ 1998ರ ಮಾರುತಿ ಜಿಪ್ಸಿ ಕಿಂಗ್ ಕಾರ್ಬುರೇಟರ್ ಕಳಚಿಕೊಂಡು ಈಗ ಫ್ಯೂಯಲ್ ಇಂಜೆಕ್ಷನ್ನಿನ ಗಾಡಿಯಾಗಿದೆ. ಕಾರ್ಬುರೇಟರ್ ಎಂದರೆ ಗಾಳಿಯ ಎಳೆತದಿಂದಲೇ ಪೆಟ್ರೋಲ್ ಬೆರೆಸಿ ಎಂಜಿನ್ನಿಗೆ ಕಳಿಸುವ ಹಳೆಯ ಸಾಧನ; ಇಂಜೆಕ್ಷನ್ನಿನಲ್ಲಿ ಕಂಪ್ಯೂಟರ್ ಲೆಕ್ಕ ಹಾಕಿದಷ್ಟು ಪೆಟ್ರೋಲನ್ನು ಇಂಜೆಕ್ಟರುಗಳು ಸಿಂಪಡಿಸುತ್ತವೆ. ಶಿರಸಿ, ಸಿದ್ದಾಪುರ, ಯಲ್ಲಾಪುರದ ಕಡೆ ತೋಟಕ್ಕೂ ಬೆಟ್ಟಕ್ಕೂ ಓಡಾಡುವ ಮನೆಗಳಲ್ಲಿ ಇದೇ ವಯಸ್ಸಿನ ಜಿಪ್ಸಿಗಳು ಇನ್ನೂ ಉಳಿದಿದ್ದು, ಅವುಗಳ ಮಾಲೀಕರಲ್ಲಿ ಕೆಲವರು ಈ ಕೆಲಸದ ಬಗ್ಗೆ ನನ್ನನ್ನು ವಿಚಾರಿಸುತ್ತಿದ್ದಾರೆ. ಎಲ್ಲಿ ಕಾಯಬೇಕಾಯಿತು, ಯಾವ ಕಾಗದ ಬೇಕಾಯಿತು, ಹಣ ಯಾವುದಕ್ಕೆ ಹೋಯಿತು, ನಿರೀಕ್ಷಿಸದ ತೊಡಕು ಎಲ್ಲಿ ಎದುರಾಯಿತು ಎಂಬುದನ್ನು ಮರೆಯುವ ಮೊದಲೇ ಬರೆದಿಡುತ್ತಿದ್ದೇನೆ. ಇದನ್ನು ಕಂಪ್ಯೂಟರಿನ ಕೆಲಸ ಎಂದುಕೊಂಡು ಹೆದರುವವರೇ ಹೆಚ್ಚು. ಆದರೆ ನಮ್ಮ ಸಮಯದ ಬಹುಪಾಲನ್ನು ತಿಂದದ್ದು ಪೆಟ್ರೋಲ್ ಪೈಪು, ಗಾಳಿಯ ಸೋರಿಕೆ ಮತ್ತು ಅರ್ಥಿಂಗ್. ಲ್ಯಾಪ್‌ಟಾಪಿನ ಮುಂದೆ ಕೂತದ್ದು ಕಡೆಯ ಭಾಗ ಮಾತ್ರ.

ಕಾರ್ಬುರೇಟರ್ ಕೆಟ್ಟಿತೆಂಬ ಒಂದೇ ಕಾರಣಕ್ಕೆ ಈ ಉಸಾಬರಿಗೆ ಇಳಿದದ್ದಲ್ಲ. ಕೆಟ್ಟ ಕಾರ್ಬುರೇಟರಿಗೆ ರಿಪೇರಿ ಕಿಟ್ಟು ಹಾಕಿ, ಪೆಟ್ರೋಲ್ ಹರಿಯುವ ಸಣ್ಣ ತೂತಿನ ಜೆಟ್ಟುಗಳನ್ನು ತೊಳೆದು, ಬಟ್ಟಲಿನಲ್ಲಿ ಪೆಟ್ರೋಲಿನ ಎತ್ತರ ಕಾಯುವ ಫ್ಲೋಟಿನ ಮಟ್ಟ ಸರಿಪಡಿಸಿದರೆ ಹತ್ತರಲ್ಲಿ ಒಂದು ಪಾಲು ಖರ್ಚಿನಲ್ಲಿ ಗಾಡಿ ಓಡುತ್ತದೆ, ಊರಿನ ಒಳಗಷ್ಟೇ ಓಡಿಸುವವರಿಗೆ ನಾನು ಈಗಲೂ ಅದನ್ನೇ ಹೇಳುತ್ತೇನೆ. ನಮ್ಮ ತೊಂದರೆ ಬೇರೆಯಾಗಿತ್ತು. ಶಿರಸಿ ಸಮುದ್ರ ಮಟ್ಟದಿಂದ ಸುಮಾರು 590 ಮೀಟರ್ ಎತ್ತರದಲ್ಲಿದೆ. ಇಲ್ಲಿ ಮಿಶ್ರಣದ ಸ್ಕ್ರೂ ಸರಿಮಾಡಿಕೊಂಡು ದೇವಿಮನೆ ಘಟ್ಟ ಇಳಿದು ಕುಮಟಾ ತಲುಪುವಷ್ಟರಲ್ಲಿ ಗಾಳಿ ದಟ್ಟವಾಗಿ ಎಂಜಿನ್ನಿಗೆ ಪೆಟ್ರೋಲ್ ಸಾಲದಾಗುತ್ತಿತ್ತು, ಅಂಕೋಲಾ ಕಾರವಾರದ ಕಡೆ ಸರಿಮಾಡಿಸಿಕೊಂಡು ಅರಬೈಲ್ ಘಟ್ಟ ಹತ್ತಿದರೆ ಸೈಲೆನ್ಸರಿನಲ್ಲಿ ಕಪ್ಪು ಹೊಗೆ ಕಾಣುತ್ತಿತ್ತು. ತೋಟಕ್ಕಿಳಿಯುವ ಕಡಿದಾದ ದಾರಿಯಲ್ಲಿ ಗಾಡಿ ವಾಲಿದಾಗ ಫ್ಲೋಟ್ ಬಟ್ಟಲಿನ ಪೆಟ್ರೋಲೂ ವಾಲಿ, ಎಂಜಿನ್ ಒಮ್ಮೆ ಉಸಿರುಗಟ್ಟಿ ಒಮ್ಮೆ ಉಕ್ಕಿ ನಿಂತುಬಿಡುತ್ತಿತ್ತು. ಇದರ ಮೇಲೆ ಬಂದದ್ದು 20% ಎಥನಾಲ್ ಬೆರೆತ ಪೆಟ್ರೋಲು. ಶುದ್ಧ ಪೆಟ್ರೋಲ್ ಪೂರ್ತಿ ಉರಿಯಲು ತೂಕದಲ್ಲಿ 14.7 ಪಾಲು ಗಾಳಿ ಬೇಕು, ಎಥನಾಲಿಗೆ ಬೇಕಾದದ್ದು 9 ಪಾಲು ಮಾತ್ರ. ಬೆರಕೆಗೆ ಸುಮಾರು 13.5 ಪಾಲು ಸಾಕು. ಹಿಂದಿನ ಪೆಟ್ರೋಲಿನ ಲೆಕ್ಕದಲ್ಲಿ ಕೊರೆದ ಜೆಟ್ಟಿಗೆ ಈ ಬದಲಾವಣೆ ತಿಳಿಯುವ ದಾರಿಯಿಲ್ಲ, ಆಕ್ಸಿಲರೇಟರ್ ಪಂಪಿನ ರಬ್ಬರ್ ಡಯಾಫ್ರಂ ಕೂಡ ಮೊದಲಿನಷ್ಟು ಕಾಲ ಬಾಳುತ್ತಿರಲಿಲ್ಲ.

ಗ್ಯಾರೇಜಿನವರು ಮೊದಲು ಸೂಚಿಸಿದ್ದು ಎಂಜಿನ್ ಬದಲಾವಣೆ. ಜಿಪ್ಸಿ ಕಿಂಗ್‌ನಲ್ಲಿ ಕಾರ್ಬುರೇಟರ್ ಇದ್ದ ಎಂಟು ವಾಲ್ವಿನ ಜಿ13ಬಿಎ ಎಂಜಿನ್ 60 ಅಶ್ವಶಕ್ತಿಯದು. 2000ದಲ್ಲಿ ಅದರ ಜಾಗಕ್ಕೆ ಬಂದ ಹದಿನಾರು ವಾಲ್ವಿನ ಎಂಪಿಎಫ್‌ಐ (ಪ್ರತಿ ಸಿಲಿಂಡರಿಗೂ ಒಂದು ಇಂಜೆಕ್ಟರ್ ಇರುವ) ಜಿ13ಬಿಬಿ ಎಂಜಿನ್ 80 ಅಶ್ವಶಕ್ತಿಯದು. ಗುಜರಿಯಿಂದ ಅದನ್ನೇ ವೈರಿಂಗ್ ಸಮೇತ ತಂದು ಕೂರಿಸಿದರೆ ತಾಂತ್ರಿಕವಾಗಿ ತಲೆನೋವು ಕಡಿಮೆ ಎಂಬುದು ನಿಜ. ಆದರೆ ಮೋಟಾರು ವಾಹನ ಕಾಯ್ದೆಯ 52ನೇ ಕಲಮಿನ ಪ್ರಕಾರ ಆರ್‌ಸಿಯಲ್ಲಿ ನಮೂದಾದ ವಿವರಗಳು ತಯಾರಕರು ಕೊಟ್ಟ ಮೂಲ ವಿವರಗಳಿಗಿಂತ ಬೇರೆಯಾಗುವಂತೆ ವಾಹನವನ್ನು ಮಾರ್ಪಡಿಸುವಂತಿಲ್ಲ, 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಇದನ್ನು ಇನ್ನಷ್ಟು ಬಿಗಿಯಾಗಿ ಎತ್ತಿಹಿಡಿದಿದೆ. ಎಂಜಿನ್ ಬದಲಿಸುವುದಾದರೆ ನೋಂದಣಿ ಪ್ರಾಧಿಕಾರದ ಅನುಮತಿ ಬೇಕು, ಆ ಎಂಜಿನ್ ಎಲ್ಲಿಂದ ಬಂತೆಂಬುದಕ್ಕೆ ಬಿಲ್ಲು ಬೇಕು, ಎಂಜಿನ್ ನಂಬರನ್ನು ಆರ್‌ಸಿಗೆ ಸೇರಿಸಬೇಕು. ನಾವು ನೋಡಿದ ಎಂಜಿನ್ನುಗಳಲ್ಲಿ ಯಾವುದಕ್ಕೂ ನಂಬುವಂಥ ಕಾಗದ ಇರಲಿಲ್ಲ. ಆದ್ದರಿಂದ ಎಂಜಿನ್, ಅದರ ನಂಬರು, ಸಿಸಿ, ಇಂಧನ ಯಾವುದನ್ನೂ ಮುಟ್ಟದೆ, ಗಾಳಿ ಮತ್ತು ಪೆಟ್ರೋಲ್ ಒಳಗೆ ಹೋಗುವ ವ್ಯವಸ್ಥೆಯನ್ನಷ್ಟೇ ಬದಲಿಸುವ ದಾರಿ ಹಿಡಿದೆವು.

ಹಾಗಿದ್ದರೂ ಕೆಲಸ ಶುರುಮಾಡುವ ಮೊದಲೇ ಸಾರಿಗೆ ಕಚೇರಿಗೆ ಒಂದು ಅರ್ಜಿ ಬರೆದುಕೊಟ್ಟೆ. ಯಾವ ಭಾಗ ಹೋಗುತ್ತದೆ, ಯಾವುದು ಬರುತ್ತದೆ, ಆರ್‌ಸಿಯ ಯಾವ ವಿವರವೂ ಏಕೆ ಬದಲಾಗುವುದಿಲ್ಲ ಎಂಬುದನ್ನು ವಿವರಿಸಿ, ಆರ್‌ಸಿ, ವಿಮೆ, ಹೊಗೆ ತಪಾಸಣೆ ಪತ್ರದ ನಕಲುಗಳನ್ನು ಲಗತ್ತಿಸಿದ್ದೆ. ಉತ್ತರ ಬೇಗ ಬರಲಿಲ್ಲ. ಇಂಥ ಅರ್ಜಿಯನ್ನು ಯಾವ ವಿಷಯದಡಿ ಸೇರಿಸಬೇಕು ಎಂಬುದೇ ಅಲ್ಲಿಯವರಿಗೆ ಸ್ಪಷ್ಟವಿರಲಿಲ್ಲ. ಒಬ್ಬರು ಸಿಎನ್‌ಜಿ ಕಿಟ್ಟಿನ ಅರ್ಜಿ ಎಂದುಕೊಂಡರು, ಇನ್ನೊಬ್ಬರು ಎಂಜಿನ್ ಬದಲಾವಣೆ ಎಂದುಕೊಂಡರು. ಕಡೆಗೆ ಗಾಡಿಯನ್ನು ಒಯ್ದು, ಬಾನೆಟ್ ಎತ್ತಿ, ಎಂಜಿನ್ ನಂಬರು ತೋರಿಸಿ ವಿವರಿಸಿದ ಮೇಲೆ ನೋಂದಣಿ ವಿವರಗಳಲ್ಲಿ ಬದಲಾವಣೆ ಆಗಕೂಡದು ಎಂಬ ಷರತ್ತಿನ ಹಿಂಬರಹ ಸಿಕ್ಕಿತು. ಅರ್ಜಿಯ ಸ್ವೀಕೃತಿ ಮುದ್ರೆ ಇರುವ ಪ್ರತಿಯನ್ನು ಗಾಡಿಯಲ್ಲೇ ಇಟ್ಟುಕೊಳ್ಳಿ. ವಿಮೆಯವರಿಗೂ ಇದೇ ಪತ್ರದ ನಕಲು ಮಿಂಚಂಚೆಯಲ್ಲಿ ಹೋಯಿತು. ಮುಂದೆ ಎಂದಾದರೂ ಬೆಂಕಿ ಅವಘಡವಾದರೆ ಮೊದಲು ಕೇಳುವ ಪ್ರಶ್ನೆ ಇದೇ ಆಗಿರುತ್ತದೆ.

ಸಾಮಾನು ಕೂಡಿಹಾಕುವ ಹಂತ ತಾಳ್ಮೆಯದು. ಕೆಡವಿದ ಎಸ್ಟೀಮ್ ಎಂಪಿಎಫ್‌ಐ ಕಾರೊಂದರ ಥ್ರಾಟಲ್ ಬಾಡಿ (ಒಳಹೋಗುವ ಗಾಳಿಯನ್ನು ನಿಯಂತ್ರಿಸುವ ಭಾಗ), ಅದರ ಥ್ರಾಟಲ್ ಪೊಸಿಷನ್ ಸೆನ್ಸರು, ಐಡಲ್ (ಆಕ್ಸಿಲರೇಟರ್ ಒತ್ತದೆ ಎಂಜಿನ್ ಓಡುವ ಸ್ಥಿತಿ) ವಾಲ್ವು, ಇಂಜೆಕ್ಟರುಗಳು, ಅವುಗಳಿಗೆ ಪೆಟ್ರೋಲ್ ಹಂಚುವ ಫ್ಯೂಯಲ್ ರೈಲು ಮತ್ತು ಪ್ರೆಷರ್ ರೆಗ್ಯುಲೇಟರು ಹುಬ್ಬಳ್ಳಿಯ ಗುಜರಿಯಲ್ಲಿ ₹6,500ಕ್ಕೆ ಸಿಕ್ಕವು. ಇಂಜೆಕ್ಟರ್ ದೊಡ್ಡದಿದ್ದಷ್ಟೂ ಒಳ್ಳೆಯದು ಎಂಬ ನಂಬಿಕೆ ಗ್ಯಾರೇಜುಗಳಲ್ಲಿದೆ. ಅದು ತಪ್ಪು, ಲೆಕ್ಕ ಸರಳವಾಗಿದೆ: ಒಂದು ಅಶ್ವಶಕ್ತಿಗೆ ಗಂಟೆಗೆ ಸುಮಾರು ಅರ್ಧ ಪೌಂಡ್ ಪೆಟ್ರೋಲ್ ಎಂದು ಹಿಡಿದರೆ 60 ಅಶ್ವಶಕ್ತಿಗೆ 30 ಪೌಂಡ್, ನಾಲ್ಕು ಇಂಜೆಕ್ಟರುಗಳಿಗೆ ಹಂಚಿ, ಪ್ರತಿಯೊಂದೂ ತನ್ನ ಸಾಮರ್ಥ್ಯದ 80% ಮಾತ್ರ ದುಡಿಯಲಿ ಎಂದುಕೊಂಡರೆ ನಿಮಿಷಕ್ಕೆ ಸುಮಾರು 100 ಸಿಸಿ ಹರಿಸುವ ಇಂಜೆಕ್ಟರ್ ಸಾಕು, ಎಥನಾಲ್ ಬೆರಕೆಗೆಂದು ಸ್ವಲ್ಪ ಹೆಚ್ಚು ಇರಲಿ. ಸಣ್ಣ ಕಾರುಗಳ ಇಂಜೆಕ್ಟರುಗಳೇ ಇದಕ್ಕೆ ಹೊಂದುತ್ತವೆ; ಅತಿ ದೊಡ್ಡದನ್ನು ಹಾಕಿದರೆ ಐಡಲಿನಲ್ಲಿ ಅಷ್ಟು ಕಡಿಮೆ ಪೆಟ್ರೋಲನ್ನು ಅಳೆದು ಬಿಡಲು ಅದಕ್ಕಾಗುವುದಿಲ್ಲ. ಗುಜರಿಯ ಇಂಜೆಕ್ಟರುಗಳನ್ನು ಹಾಗೆಯೇ ಕೂರಿಸಬೇಡಿ. ಅಲ್ಟ್ರಾಸಾನಿಕ್ ಯಂತ್ರದಲ್ಲಿ ತೊಳೆಸಿ, ನಾಲ್ಕೂ ಒಂದೇ ಅಳತೆಯಲ್ಲಿ ಸುರಿಸುತ್ತವೆಯೇ ಎಂದು ಗಾಜಿನ ಕೊಳವೆಗಳಲ್ಲಿ ಕಣ್ಣಾರೆ ನೋಡಿ. ನಮ್ಮ ನಾಲ್ಕರಲ್ಲಿ ಒಂದು ತೊಳೆದ ಮೇಲೂ ಹನಿಸುತ್ತಿದ್ದುದರಿಂದ ಬೇರೊಂದನ್ನು ಹುಡುಕಬೇಕಾಯಿತು.

ಇಂಧನವನ್ನು ನಿಯಂತ್ರಿಸುವ ಪುಟ್ಟ ಕಂಪ್ಯೂಟರಾದ ಇಸಿಯುಗೆ ಸ್ಪೀಡುಇನೊ ಎಂಬ, ಆರ್ಡುಇನೊ ಮೆಗಾ ಆಧಾರಿತ ಮುಕ್ತ ವಿನ್ಯಾಸದ ಬೋರ್ಡನ್ನು ಆರಿಸಿಕೊಂಡೆ. ಜೋಡಿಸಿದ ಬೋರ್ಡು, ಡಬ್ಬಿ, ಕನೆಕ್ಟರು ಸೇರಿ ₹19,000 ಆಯಿತು. ಹೊಗೆಯಲ್ಲಿ ಉಳಿದ ಆಮ್ಲಜನಕವನ್ನು ಅಳೆಯುವ ವೈಡ್‌ಬ್ಯಾಂಡ್ ಸೆನ್ಸರು ಮತ್ತು ಅದರ ಕಂಟ್ರೋಲರ್ ಹೊರದೇಶದಿಂದ ಬಂತು. ಇಲ್ಲಿ ಕಾದದ್ದು ಹೆಚ್ಚು: ಕಸ್ಟಮ್ಸ್‌ನಲ್ಲಿ ಕೆವೈಸಿ ಕಾಗದ ಕೇಳಿದರು, ಪಾರ್ಸೆಲಿನ ಮೇಲಿನ ಹೆಸರು ಆಧಾರ್‌ನಲ್ಲಿರುವ ಹೆಸರಿನಂತೆಯೇ ಇಲ್ಲ ಎಂದು ಮತ್ತೆ ಕೇಳಿದರು, ಸುಂಕವನ್ನು ಸಾಮಾನಿನ ಬೆಲೆಯ ಮೇಲೆ ಮಾತ್ರವಲ್ಲ, ಸಾಗಾಟದ ವೆಚ್ಚವನ್ನೂ ಸೇರಿಸಿಕೊಂಡು ಹಾಕಿದರು. ತರಿಸುವವರು ಆಧಾರ್‌ನಲ್ಲಿರುವ ಹೆಸರನ್ನು ಇನಿಶಿಯಲ್ ಸಮೇತ ಅಕ್ಷರ ತಪ್ಪದೆ ವಿಳಾಸದಲ್ಲಿ ಬರೆಯಿಸಿ.

ಸಿಲಿಂಡರುಗಳಿಗೆ ಗಾಳಿ ಹಂಚುವ ಕವಲು ಕೊಳವೆಯಾದ ಮ್ಯಾನಿಫೋಲ್ಡ್‌ನ ಕೆಲಸ ನಾವು ಊಹಿಸಿದ್ದಕ್ಕಿಂತ ಕಷ್ಟದ್ದಾಯಿತು. ಎಂಟು ವಾಲ್ವಿನ ಹೆಡ್ಡಿಗೆ (ಎಂಜಿನ್ನಿನ ಮೇಲ್ಭಾಗಕ್ಕೆ) ಎಸ್ಟೀಮಿನ ಎಂಪಿಎಫ್‌ಐ ಮ್ಯಾನಿಫೋಲ್ಡ್ ಹೊಂದುವುದಿಲ್ಲವಾದ್ದರಿಂದ ಹಳೆಯ ಮ್ಯಾನಿಫೋಲ್ಡ್‌ನ ನಾಲ್ಕು ಕವಲುಗಳ ತುದಿಯಲ್ಲಿ, ಹೆಡ್ಡಿಗೆ ಆದಷ್ಟು ಹತ್ತಿರ, ಇಂಜೆಕ್ಟರ್ ಕೂರುವ ಅಲ್ಯುಮಿನಿಯಂ ಬಾಸುಗಳನ್ನು ಆರ್ಗಾನ್ ವೆಲ್ಡಿಂಗ್‌ನಲ್ಲಿ ಹಚ್ಚಬೇಕಿತ್ತು. ಇಪ್ಪತ್ತಕ್ಕೂ ಹೆಚ್ಚು ವರ್ಷ ಪೆಟ್ರೋಲ್ ಮತ್ತು ಎಣ್ಣೆಯ ಆವಿ ಹೀರಿದ ಎರಕದ ಅಲ್ಯುಮಿನಿಯಂ ಬಿಸಿ ತಾಗಿದೊಡನೆ ಕಪ್ಪು ನೊರೆ ಕಾರುತ್ತದೆ, ವೆಲ್ಡಿನ ತುಂಬ ಸೂಜಿಮೊನೆಯಷ್ಟು ತೂತುಗಳು ಉಳಿಯುತ್ತವೆ. ವೆಲ್ಡರ್ ಅದನ್ನು ನೋಡಿ ಕೈಬಿಡಲಿಲ್ಲ, ಆದರೆ ಸ್ಪಷ್ಟವಾಗಿಯೇ ಹೇಳಿದರು: "ಹೆಗಡೇರೆ, ಇದನ್ನ ಕಾಯಿಸಿ ಎಣ್ಣೆ ಬಿಡಿಸಬೇಕು, ತಿಕ್ಕಬೇಕು, ಮತ್ತೆ ಕಾಯಿಸಬೇಕು. ಅವಸರ ಇದ್ರೆ ಬೇರೆ ಕಡೆ ಒಯ್ರಿ." ಅವರು ಹೇಳಿದಂತೆಯೇ ಬಿಟ್ಟುಬಂದೆ. ಬಾಸುಗಳು ಗಟ್ಟಿಯಾಗಿ ಕೂತವು, ಆದರೆ ಆ ಬಿಸಿಗೆ ಹೆಡ್ಡಿಗೆ ತಾಗುವ ಫ್ಲ್ಯಾಂಜ್ ಬಾಗಿತ್ತು. ನೇರ ಉಕ್ಕಿನ ಪಟ್ಟಿಯನ್ನು ಅದರ ಮೇಲೆ ನಿಲ್ಲಿಸಿ ಬೆಳಕಿಗೆ ಹಿಡಿದಾಗ ಎರಡನೇ ಮತ್ತು ಮೂರನೇ ಕಿಂಡಿಯ ನಡುವೆ ಬೆಳಕಿನ ಗೆರೆ ಕಂಡಿತು, 0.25 ಮಿಲಿಮೀಟರಿನ ಫೀಲರ್ ಗೇಜ್ ಅಲ್ಲಿ ಸಲೀಸಾಗಿ ನುಗ್ಗಿತು. ಗ್ಯಾಸ್ಕೆಟ್ ಸೀಲರ್ ಮೆತ್ತಿ ಬಿಗಿಯಬಹುದೆಂದು ಅಲ್ಲಿದ್ದ ಒಬ್ಬರು ಹೇಳಿದರು. ಕಾರ್ಬುರೇಟರಿನ ಕಾಲದಲ್ಲಿ ಹಾಗೆ ಸಾಗುತ್ತಿತ್ತು. ಇಲ್ಲಿ ಮ್ಯಾನಿಫೋಲ್ಡಿನ ಒತ್ತಡವನ್ನು ಅಳೆದೇ ಪೆಟ್ರೋಲಿನ ಲೆಕ್ಕ ಹಾಕುವುದರಿಂದ ಒಂದು ಕವಲಿನ ಸೋರಿಕೆ ಇಡೀ ಲೆಕ್ಕವನ್ನು ಕೆಡಿಸುತ್ತದೆ. ಸರ್ಫೇಸ್ ಮಿಲ್ಲಿಂಗ್ ಮಾಡಿಸಿ, ಮ್ಯಾನಿಫೋಲ್ಡಿನೊಳಗಿನ ಕೂಲೆಂಟ್ ದಾರಿಯನ್ನು ಮುಚ್ಚಿ ಗಾಳಿ ತುಂಬಿ, ನೀರಿನ ಬಕೆಟ್ಟಿನಲ್ಲಿ ಮುಳುಗಿಸಿ ಗುಳ್ಳೆ ಬರುತ್ತದೆಯೇ ನೋಡಿದೆವು. ವೆಲ್ಡಿಂಗು, ಮಿಲ್ಲಿಂಗು ಸೇರಿ ₹7,200 ಆಯಿತು. ಈ ಖರ್ಚಿನಲ್ಲಿ ಕಂಜೂಸಿ ಮಾಡಬಾರದು.

ಬ್ರೇಕ್ ಬೂಸ್ಟರಿನ ವ್ಯಾಕ್ಯೂಮ್ ಹೋಸು, ಕ್ರ್ಯಾಂಕ್‌ಕೇಸಿನ ಆವಿಯನ್ನು ಮರಳಿ ಒಳಗೆಳೆಯುವ ಪಿಸಿವಿ ಹೋಸು, ಪ್ಲಗ್ಗುಗಳಿಗೆ ಸ್ಪಾರ್ಕ್ ಹಂಚುವ ಡಿಸ್ಟ್ರಿಬ್ಯೂಟರಿನಲ್ಲಿ ಸ್ಪಾರ್ಕಿನ ಸಮಯ ಸರಿಹೊಂದಿಸುವ ವ್ಯಾಕ್ಯೂಮ್ ಅಡ್ವಾನ್ಸ್ ಹೋಸು ಇವೆಲ್ಲ ಹಳೆಯ ವ್ಯವಸ್ಥೆಯಲ್ಲಿ ಎಲ್ಲಿಂದ ಬರುತ್ತಿದ್ದವು ಎಂಬುದರ ಫೋಟೊ ತೆಗೆದು, ಪ್ರತಿಯೊಂದಕ್ಕೂ ಚೀಟಿ ಅಂಟಿಸಿ ಕಳಚಿದರೆ ಮುಂದೆ ಗೊಂದಲವಿಲ್ಲ. ಸ್ಪಾರ್ಕಿನ ಕೆಲಸವನ್ನು ಡಿಸ್ಟ್ರಿಬ್ಯೂಟರಿಗೇ ಬಿಟ್ಟು, ಇಸಿಯುಗೆ ಪೆಟ್ರೋಲ್ ಮಾತ್ರ ವಹಿಸಿದ್ದರಿಂದ ಅಡ್ವಾನ್ಸ್ ಹೋಸಿಗೆ ಥ್ರಾಟಲ್ ಪ್ಲೇಟಿನ ಹತ್ತಿರದ ಕಿಂಡಿಯನ್ನೇ ಕೊಡಬೇಕಿತ್ತು.

ಪೆಟ್ರೋಲ್ ಪೈಪಿನ ವಿಷಯಕ್ಕೆ ಬರೋಣ. ಕಾರ್ಬುರೇಟರಿಗೆ ಪೆಟ್ರೋಲ್ ತಳ್ಳುತ್ತಿದ್ದ ಹೆಡ್ಡಿನ ಮೇಲಿನ ಯಾಂತ್ರಿಕ ಪಂಪಿನ ಒತ್ತಡ ಕಾಲು ಬಾರಿನ ಆಸುಪಾಸಿನದು, ಇಂಜೆಕ್ಷನ್ನಿಗೆ ಬೇಕಾದದ್ದು 3 ಬಾರ್. ಹಳೆಯ ಹೋಸು ಸೋರಿದರೆ ಹನಿಯುತ್ತಿತ್ತು, ಇದು ಸೋರಿದರೆ ಬಿಸಿ ಎಂಜಿನ್ನಿನ ಮೇಲೆ ಸಿಂಪಡಣೆಯಾಗುತ್ತದೆ. ಆದ್ದರಿಂದ ಟ್ಯಾಂಕಿನಿಂದ ರೈಲಿನವರೆಗೂ ಇಂಜೆಕ್ಷನ್ನಿಗೆಂದೇ ತಯಾರಾದ ಹೋಸು ಮತ್ತು ಅದಕ್ಕೆ ತಕ್ಕ ದುಂಡನೆಯ ಕ್ಲಿಪ್ಪುಗಳನ್ನೇ ಬಳಸಬೇಕು. ರಬ್ಬರಿಗೆ ಹಲ್ಲು ಕಚ್ಚುವ ಸಾಮಾನ್ಯ ಕ್ಲಿಪ್ಪು ಬೇಡ. ಯಾಂತ್ರಿಕ ಪಂಪು ತೆಗೆದ ಜಾಗಕ್ಕೆ ಅಲ್ಯುಮಿನಿಯಂ ತಗಡನ್ನು ಗ್ಯಾಸ್ಕೆಟ್ ಸಹಿತ ಬಿಗಿಯದಿದ್ದರೆ ಅಲ್ಲಿಂದ ಎಂಜಿನ್ ಆಯಿಲ್ ಹೊರಬರುತ್ತದೆ. ಪಂಪಿನ ರಿಲೇಯನ್ನು ಇಸಿಯುವೇ ನಿಯಂತ್ರಿಸಬೇಕು: ಕೀಲಿ ತಿರುಗಿಸಿದಾಗ ಕೆಲವು ಕ್ಷಣ ಓಡಿ ಒತ್ತಡ ತುಂಬಿಸಿ, ಎಂಜಿನ್ ತಿರುಗದಿದ್ದರೆ ತಾನಾಗಿ ನಿಲ್ಲಬೇಕು. ಪಂಪನ್ನು ನೇರವಾಗಿ ಕೀಲಿಗೆ ಜೋಡಿಸಿದ ಗಾಡಿಗಳನ್ನು ನೋಡಿದ್ದೇನೆ. ಅಂಥ ಗಾಡಿ ಅಪಘಾತದಲ್ಲಿ ಮಗುಚಿಬಿದ್ದು ಪೈಪು ಹರಿದರೆ ಪಂಪು ಪೆಟ್ರೋಲ್ ಸುರಿಯುತ್ತಲೇ ಇರುತ್ತದೆ.

ಟ್ಯಾಂಕು ಬಿಚ್ಚಿದಾಗ ಅದರ ತಳದಲ್ಲಿ ತುಕ್ಕಿನ ಕೆಂಪು ರಾಡಿ ಒಂದು ಪದರ ಕೂತಿತ್ತು. ಎಥನಾಲ್ ಗಾಳಿಯ ತೇವವನ್ನು ಎಳೆದುಕೊಳ್ಳುತ್ತದೆ. ಮಲೆನಾಡಿನ ಮಳೆಗಾಲದಲ್ಲಿ ಅರ್ಧ ತುಂಬಿದ ಟ್ಯಾಂಕು ವಾರಗಟ್ಟಲೆ ನಿಂತರೆ ಆಗುವುದು ಇದೇ. ಕಾರ್ಬುರೇಟರ್ ಇಂಥ ಕಸವನ್ನು ಒಂದಿಷ್ಟು ಸಹಿಸುತ್ತದೆ, ಇಂಜೆಕ್ಟರಿನ ಸೂಕ್ಷ್ಮ ರಂಧ್ರ ಸಹಿಸುವುದಿಲ್ಲ. ಟ್ಯಾಂಕು ತೊಳೆಸಿ, ಒಳಗೆ ಲೇಪ ಹಾಕಿಸಿ ಒಣಗಿಸುವುದಕ್ಕೆ ಬಿಸಿಲಿಗಾಗಿ ಕಾಯಬೇಕಾಯಿತು. ಆಷಾಢದಲ್ಲಿ ಶಿರಸಿಯ ಬಿಸಿಲನ್ನು ನಂಬಿ ಕೆಲಸ ಹಿಡಿಯುವವರಿಗೆ ಬೇರೆ ಎಚ್ಚರಿಕೆ ಬೇಕಿಲ್ಲ.

ಎಂಜಿನ್ ಎಷ್ಟು ವೇಗದಲ್ಲಿ ತಿರುಗುತ್ತಿದೆ ಎಂಬುದನ್ನು ಇಸಿಯುಗೆ ತಿಳಿಸಲು, ಸ್ಪಾರ್ಕಿಗೆ ವೋಲ್ಟೇಜು ಏರಿಸುವ ಕಾಯಿಲ್‌ನ ನೆಗೆಟಿವ್ ತಂತಿ ಸಾಕೆಂದು ಹಲವರು ಹೇಳುತ್ತಾರೆ. ಅಲ್ಲಿ ಪ್ರತಿ ಸ್ಪಾರ್ಕಿಗೂ ನೂರಾರು ವೋಲ್ಟಿನ ಏರಿಕೆ ಇರುತ್ತದೆ, ಅದನ್ನು ಪಳಗಿಸುವುದಕ್ಕಿಂತ ಎಂಜಿನ್ನಿನ ಮುಖ್ಯ ತಿರುಗುದಂಡವಾದ ಕ್ರ್ಯಾಂಕಿನ ಪುಲ್ಲಿಗೆ ಹಲ್ಲಿನ ಚಕ್ರ ಹಚ್ಚುವುದು ಸುಲಭ ಎನಿಸಿತು. ಮೂವತ್ತಾರು ಹಲ್ಲುಗಳ ಜಾಗದಲ್ಲಿ ಒಂದನ್ನು ಬಿಟ್ಟು ಕತ್ತರಿಸಿದ ಚಕ್ರವಿದು. ಬಿಟ್ಟ ಹಲ್ಲಿನ ಜಾಗದಿಂದ ಇಸಿಯು ಕ್ರ್ಯಾಂಕಿನ ಸ್ಥಾನವನ್ನು ಗುರುತಿಸುತ್ತದೆ. ಕಾರವಾರದ ಲೇತ್ ಮೇಸ್ತ್ರಿಯೊಬ್ಬರು ಪುಲ್ಲಿಯನ್ನು ಡಯಲ್ ಗೇಜ್ ಇಟ್ಟು ತಿರುಗಿಸಿ, ಚಕ್ರ ಒಂದಿಷ್ಟೂ ಓಲಾಡದಂತೆ ಕೂರಿಸಿಕೊಟ್ಟರು. ಸೆನ್ಸರಿಗೂ ಹಲ್ಲಿಗೂ ನಡುವೆ ಒಂದು ಮಿಲಿಮೀಟರಿಗಿಂತ ಕಡಿಮೆ ಅಂತರ ಉಳಿಯಬೇಕಾದ್ದರಿಂದ ಸೆನ್ಸರಿನ ಬ್ರ್ಯಾಕೆಟನ್ನು ತೆಳು ತಗಡಿನಲ್ಲಿ ಮಾಡಬಾರದು, ಅದು ಎಂಜಿನ್ನಿನ ನಡುಕಕ್ಕೆ ಅಲುಗುತ್ತದೆ.

ವೈರಿಂಗ್‌ನಲ್ಲಿ ಹೊಸ ತಂತಿಗಳಿಗಿಂತ ಗಾಡಿಯ ಹಳೆಯ ಅರ್ಥಿಂಗೇ ಹೆಚ್ಚು ಕಾಡಿತು. ಈ ಗಾಡಿ ನಮ್ಮಲ್ಲಿಗೆ ಬರುವ ಮೊದಲು ಕರಾವಳಿಯಲ್ಲಿ ಓಡಿತ್ತು, ಉಪ್ಪುಗಾಳಿಗೆ ಎಂಜಿನ್ನಿನಿಂದ ಚಾಸಿಗೆ ಹೋಗುವ ಪಟ್ಟಿ ಮೇಲಿನಿಂದ ಸರಿಯಾಗಿ ಕಂಡರೂ ಬೋಲ್ಟಿನ ಅಡಿಯಲ್ಲಿ ಹಸಿರು ಪುಡಿಯಾಗಿ ಉದುರುತ್ತಿತ್ತು. ಸ್ಟಾರ್ಟರ್ ತಿರುಗಿಸುವಾಗ ಬ್ಯಾಟರಿಯ ನೆಗೆಟಿವ್‌ಗೂ ಎಂಜಿನ್ ಬ್ಲಾಕಿಗೂ ನಡುವೆ ಮೀಟರ್ ಹಿಡಿದರೆ ಒಂದು ವೋಲ್ಟಿಗೂ ಮೇಲೆ ತೋರಿಸಿತು, ಕಾಲು ವೋಲ್ಟಿಗಿಂತ ಕಡಿಮೆ ಇರಬೇಕಿತ್ತು. ಪಟ್ಟಿಗಳನ್ನೆಲ್ಲ ಹೊಸದಾಗಿ ಹಾಕಿ, ತಳದ ಲೋಹವನ್ನು ಉಜ್ಜಿ ಗ್ರೀಸ್ ಸವರಿದೆವು. ಸೆನ್ಸರುಗಳ ಅರ್ಥ್ ತಂತಿಗಳು ಮಾತ್ರ ಬಾಡಿಗೆ ತಾಗದೆ ನೇರ ಇಸಿಯುಗೇ ಹೋಗಬೇಕು. ಇಸಿಯುವಿನ ಡಬ್ಬಿಗೆ ಎಂಜಿನ್ ಕೋಣೆಯಲ್ಲಿ ಜಾಗ ಹುಡುಕಬೇಡಿ; ಡ್ಯಾಶ್‌ಬೋರ್ಡಿನ ಅಡಿ, ಎಡಗಡೆ ಕೂರುವವರ ಕಾಲಿನ ಮೇಲ್ಭಾಗದಲ್ಲಿ, ಕನೆಕ್ಟರು ಕೆಳಮುಖವಾಗಿರುವಂತೆ ಕೂರಿಸಿ. ಜಿಪ್ಸಿಯೊಳಗೆ ಮಳೆಯ ನೀರು ಯಾವೆಲ್ಲ ಕಡೆಯಿಂದ ಬರುತ್ತದೆ ಎಂಬುದು ಅದನ್ನು ಸಾಕಿದವರಿಗೆ ಗೊತ್ತು.

ಎಂಜಿನ್ ಮೊದಲ ಸಲ ಹೊತ್ತಿಕೊಂಡಾಗ ಗ್ಯಾರೇಜಿನಲ್ಲಿದ್ದವರೆಲ್ಲ ಕೈಕೆಲಸ ಬಿಟ್ಟು ಬಂದು ನಿಂತರು. ಚೋಕ್ ಎಳೆಯದೆ ಹತ್ತಿದ ಎಂಜಿನ್ನನ್ನು ನೋಡಿ ನಮ್ಮ ಮೇಸ್ತ್ರಿ "ಇನ್ನು ನಮಗೆಂಥ ಕೆಲಸ ಉಂಟು ಮಾರಾಯ್ರೆ" ಎಂದು ನಕ್ಕರು. ಆ ಸಂತೋಷ ರಸ್ತೆಗೆ ಇಳಿಯುವವರೆಗೆ ಮಾತ್ರ ಬಾಳಿತು. ಎಂಜಿನ್ 3,000 ಸುತ್ತು ದಾಟಿದೊಡನೆ ಒಮ್ಮೆಲೇ ಕಡಿದಂತಾಗಿ ಮತ್ತೆ ಹಿಡಿಯುತ್ತಿತ್ತು. ಪೆಟ್ರೋಲ್ ಸಾಲದೆಂದು ಒಬ್ಬರು, ಇಂಜೆಕ್ಟರ್ ಕೆಟ್ಟಿದೆಯೆಂದು ಇನ್ನೊಬ್ಬರು ಹೇಳಿದರು. ನನಗೂ ಆ ದಿನಗಳಲ್ಲಿ, ಹಳೆಯ ಕಾರ್ಬುರೇಟರನ್ನೇ ಮತ್ತೆ ಹಾಕಿಬಿಡೋಣ ಎನ್ನುವಷ್ಟು ಬೇಸರ ಬಂದಿತ್ತು. ಲ್ಯಾಪ್‌ಟಾಪಿನಲ್ಲಿ ಹಲ್ಲಿನ ಸಂಕೇತವನ್ನು ದಾಖಲಿಸಿ ನೋಡಿದಾಗ ನಿಜವಾದ ಹಲ್ಲುಗಳ ನಡುವೆ ಇಲ್ಲದ ಹಲ್ಲುಗಳು ಕಾಣಿಸಿದವು. ಸ್ಪಾರ್ಕ್ ಪ್ಲಗ್ಗಿನ ತಂತಿಗಳ ಗದ್ದಲ ಪಕ್ಕದಲ್ಲೇ ಹಾದುಹೋಗುವ ಸೆನ್ಸರ್ ತಂತಿಗೆ ನುಸುಳುತ್ತಿತ್ತು. ರೆಸಿಸ್ಟರ್ ಇರುವ ಪ್ಲಗ್ಗು ಮತ್ತು ಹೊಸ ತಂತಿ ಹಾಕಿ, ಸೆನ್ಸರಿಗೆ ಹೊದಿಕೆಯಿರುವ ಶೀಲ್ಡ್ ತಂತಿ ಎಳೆದು, ಆ ಹೊದಿಕೆಯನ್ನು ಇಸಿಯುವಿನ ತುದಿಯಲ್ಲಿ ಮಾತ್ರ ಅರ್ಥ್ ಮಾಡಿದ ಮೇಲೆ ಆ ಕಾಟ ನಿಂತಿತು. ಎಂಜಿನ್ ತಡವರಿಸಿದಾಗ ಇಸಿಯುವಿನೊಳಗಿನ ಪೆಟ್ರೋಲ್ ಲೆಕ್ಕದ ಕೋಷ್ಟಕಕ್ಕೆ ಕೈಹಾಕುವ ಮೊದಲು ಸುತ್ತಿನ ಸಂಕೇತ ಸ್ವಚ್ಛವಾಗಿದೆಯೇ ನೋಡಿ.

ಟ್ಯೂನಿಂಗ್ ಎಂದರೆ, ಎಂಜಿನ್ನಿನ ವೇಗ ಮತ್ತು ಮ್ಯಾನಿಫೋಲ್ಡಿನ ಒತ್ತಡದ ಪ್ರತಿ ಜೋಡಿಗೂ ಎಷ್ಟು ಗಾಳಿ ಒಳಗೆ ಬರುತ್ತದೆ ಎಂಬುದನ್ನು ಹದಿನಾರು ಅಡ್ಡ, ಹದಿನಾರು ಉದ್ದದ ಒಂದು ಕೋಷ್ಟಕದಲ್ಲಿ ತುಂಬುವುದು. ಒಬ್ಬರು ಓಡಿಸಬೇಕು, ಇನ್ನೊಬ್ಬರು ಲ್ಯಾಪ್‌ಟಾಪ್ ಹಿಡಿಯಬೇಕು. ಇಬ್ಬರ ಕೆಲಸವನ್ನು ಘಟ್ಟದ ರಸ್ತೆಯಲ್ಲಿ ಒಬ್ಬರೇ ಮಾಡುವುದು ಅಪಾಯ. ವೈಡ್‌ಬ್ಯಾಂಡ್ ಮೀಟರನ್ನು ಗಾಳಿ-ಪೆಟ್ರೋಲ್ ಅನುಪಾತದಲ್ಲಿ ಓದುವ ಬದಲು ಲ್ಯಾಂಬ್ಡಾದಲ್ಲಿ (ಪೂರ್ತಿ ಉರಿಯಲು ಬೇಕಾದ ಗಾಳಿಯ ಎಷ್ಟು ಪಾಲು ಸಿಕ್ಕಿತು ಎಂಬ ಅಳತೆ) ಓದಿ. ಎಥನಾಲ್ ಎಷ್ಟೇ ಬೆರೆತಿರಲಿ, ಲ್ಯಾಂಬ್ಡಾ 1 ಎಂದರೆ ಪೂರ್ತಿ ಉರಿಯುವ ಮಿಶ್ರಣ. ಸಾವಧಾನವಾಗಿ ಓಡುವಾಗ ಅದರ ಆಸುಪಾಸು, ಘಟ್ಟ ಹತ್ತುವಾಗ 0.87ರಷ್ಟು ನಾವು ಇಟ್ಟುಕೊಂಡೆವು. ಈ ಸೆನ್ಸರನ್ನು ಸೈಲೆನ್ಸರ್ ಪೈಪಿಗೆ ಅಡ್ಡಲಾಗಿ ಅಥವಾ ಕೆಳಗಿನಿಂದ ಕೂರಿಸಬಾರದು, ಹೊಗೆಯಲ್ಲಿನ ನೀರು ಹನಿಗಟ್ಟಿ ಅದರ ಕಾದ ಸೆರಾಮಿಕ್ ಒಡೆಯುತ್ತದೆ.

ಇಷ್ಟೆಲ್ಲ ಮಾಡಿದ್ದಕ್ಕೆ ಸಾರ್ಥಕ ಅನಿಸಿದ್ದು ಒಂದು ಸಂಖ್ಯೆಯನ್ನು ನೋಡಿದಾಗ. ಎಂಜಿನ್ ಹಚ್ಚದೆ ಕೀಲಿಯನ್ನಷ್ಟೇ ತಿರುಗಿಸಿದರೆ ಒತ್ತಡದ ಸೆನ್ಸರು ಹೊರಗಿನ ವಾತಾವರಣದ ಒತ್ತಡವನ್ನೇ ತೋರಿಸುತ್ತದೆ: ಶಿರಸಿಯಲ್ಲಿ 94 ಕಿಲೊಪಾಸ್ಕಲ್, ಕಾರವಾರದ ಕಡಲ ದಂಡೆಯಲ್ಲಿ 101. ಯಾವ ಸ್ಕ್ರೂವನ್ನೂ ತಿರುಗಿಸದೆ, ಜೆಟ್ಟು ಬದಲಿಸದೆ, ಆ ಏಳು ಕಿಲೊಪಾಸ್ಕಲ್ ವ್ಯತ್ಯಾಸಕ್ಕೆ ತಕ್ಕಂತೆ ಪೆಟ್ರೋಲಿನ ಅಳತೆ ಈಗ ತಾನಾಗಿ ಬದಲಾಗುತ್ತದೆ.

ಆದರೆ ಇದೇ ಘಟ್ಟದಲ್ಲಿ ಹೊಸ ತೊಡಕೂ ಹುಟ್ಟಿತು. ಟ್ಯಾಂಕಿನಲ್ಲಿ ಪೆಟ್ರೋಲ್ ಕಾಲು ಭಾಗಕ್ಕಿಂತ ಕೆಳಗಿಳಿದಾಗ ಹೇರ್‌ಪಿನ್ ತಿರುವುಗಳಲ್ಲಿ ಎಂಜಿನ್ ಒಂದು ಕ್ಷಣ ಸತ್ತು ಮತ್ತೆ ಹಿಡಿಯುತ್ತಿತ್ತು. ಪೆಟ್ರೋಲ್ ಟ್ಯಾಂಕಿನ ಒಂದು ಬದಿಗೆ ಸರಿದು ಪಂಪು ಗಾಳಿ ಎಳೆಯುತ್ತಿತ್ತು. ಕಾರ್ಬುರೇಟರಿನಲ್ಲಿ ಇಂಥ ಕ್ಷಣಗಳನ್ನು ಫ್ಲೋಟ್ ಬಟ್ಟಲಿನಲ್ಲಿದ್ದ ಪೆಟ್ರೋಲು ದಾಟಿಸುತ್ತಿತ್ತು, ಇಂಜೆಕ್ಷನ್ನಿನಲ್ಲಿ ಅಂಥ ಸಂಗ್ರಹವಿಲ್ಲ. ಕಡಿಮೆ ಒತ್ತಡದ ಪಂಪೊಂದು ತುಂಬಿಸುತ್ತಲೇ ಇರುವ ಒಂದು ಲೀಟರಿನ ಸರ್ಜ್ ಟ್ಯಾಂಕನ್ನು ಚಾಸಿಗೆ ಕಟ್ಟಿ, ಮುಖ್ಯ ಪಂಪು ಅದರಿಂದ ಎಳೆಯುವಂತೆ ಮಾಡಿದ ಮೇಲೆ ಸರಿಹೋಯಿತು. ₹5,800 ಹೆಚ್ಚುವರಿಯಾಯಿತು. ಬಯಲಿನಲ್ಲಿ ಓಡಿಸುವವರಿಗೆ ಇದು ಬೇಡದಿರಬಹುದು, ಘಟ್ಟದವರು ಮೊದಲೇ ಲೆಕ್ಕಕ್ಕೆ ಸೇರಿಸಿಕೊಳ್ಳಿ. ಇನ್ನೊಂದು ಸಣ್ಣ ಕಿರಿಕಿರಿ ಜೋರು ಮಳೆಯ ರಾತ್ರಿಗಳದು: ಹೆಡ್‌ಲೈಟು, ವೈಪರು, ಬ್ಲೋವರು ಒಟ್ಟಿಗೆ ಓಡುವಾಗ ಐಡಲಿನಲ್ಲಿ ವೋಲ್ಟೇಜು ಕುಸಿದು ಇಂಜೆಕ್ಟರ್ ತೆರೆದುಕೊಳ್ಳುವುದು ತಡವಾಗುತ್ತಿತ್ತು, ವೋಲ್ಟೇಜಿಗೆ ತಕ್ಕ ತಿದ್ದುಪಡಿಯ ಪಟ್ಟಿಯನ್ನು ಸರಿಯಾಗಿ ತುಂಬಿದಾಗ ಅದೂ ಹೋಯಿತು.

ಹೊಗೆ ತಪಾಸಣೆಗೆ ಒಯ್ದಾಗ ಇಂಗಾಲದ ಮಾನಾಕ್ಸೈಡ್ 0.4% ಬಂತು. ಬಿಎಸ್-2 (ಭಾರತ್ ಸ್ಟೇಜ್) ಹೊಗೆ ಮಾನದಂಡಕ್ಕಿಂತ ಹಳೆಯದಾದ ಪೆಟ್ರೋಲ್ ಕಾರುಗಳಿಗೆ ಮಿತಿ 3%, ನಮ್ಮ ಗಾಡಿ ಹಿಂದೆ ಆ ಗೆರೆಯ ಹತ್ತಿರವೇ ಸುಳಿದಾಡುತ್ತಿತ್ತು. ಮೈಲೇಜು ಘಟ್ಟದ ಓಡಾಟದಲ್ಲಿ ಲೀಟರಿಗೆ 8ರಿಂದ 9 ಕಿಲೋಮೀಟರ್ ಇದ್ದದ್ದು ಈಗ 11ರ ಹತ್ತಿರ ಬಂದಿದೆ. ಶಕ್ತಿ ಹೆಚ್ಚಾಯಿತೇ ಎಂದು ಎಲ್ಲರೂ ಕೇಳುತ್ತಾರೆ. ಎಂಜಿನ್ ಅದೇ, ಹೆಡ್ಡು ಅದೇ, ಹೆಚ್ಚಾಗುವ ಪ್ರಶ್ನೆಯಿಲ್ಲ. ಒಟ್ಟು ಖರ್ಚು, ಮಜೂರಿ ಸೇರಿ, ₹1,08,000 ದಾಟಿತು. ಪೆಟ್ರೋಲಿನ ಉಳಿತಾಯದಲ್ಲಿ ಇದು ಮರಳಿ ಬರುತ್ತದೆ ಎಂದು ಲೆಕ್ಕ ಹಾಕುವವರು ಕೈಹಾಕದಿರುವುದು ಒಳ್ಳೆಯದು. ಇದರ ಜೊತೆಗೆ, ಇಪ್ಪತ್ತು ವರ್ಷ ಮೀರಿದ ಕಾರಿನ ನೋಂದಣಿ ನವೀಕರಣದ ಶುಲ್ಕ 2025ರ ಆಗಸ್ಟಿನಿಂದ ₹10,000 ಆಗಿದೆ. ನಮ್ಮ ಗಾಡಿಯ ನವೀಕರಣ 2028ರಲ್ಲಿ ಬರುವುದರಿಂದ ಅಂದಿನ ತಪಾಸಣೆಗೆ ಹಿಂಬರಹದ ಅರ್ಜಿ, ಬಿಲ್ಲುಗಳು, ಹೊಗೆ ಪತ್ರ ಎಲ್ಲವನ್ನೂ ಒಂದೇ ಕಡತದಲ್ಲಿ ಸೇರಿಸಿಟ್ಟಿದ್ದೇನೆ.

ದೂರ ಹೋಗುವಾಗ ಗಾಡಿಯಲ್ಲಿ ಒಂದು ಕ್ರ್ಯಾಂಕ್ ಸೆನ್ಸರು, ಎರಡು ರಿಲೇ, ಫ್ಯೂಸುಗಳು, ಒಂದಡಿ ಇಂಜೆಕ್ಷನ್ ಹೋಸು, ಬೆಂಕಿ ನಂದಿಸುವ ಸಣ್ಣ ಸಿಲಿಂಡರು ಇಟ್ಟುಕೊಳ್ಳುತ್ತೇವೆ. ಕಾರ್ಬುರೇಟರ್ ಕೆಟ್ಟರೆ ಯಾಣದ ದಾರಿಯಲ್ಲೂ ಯಾರಾದರೂ ಊದಿ ಸರಿಮಾಡುತ್ತಿದ್ದರು, ಈ ಬೋರ್ಡು ಕೆಟ್ಟರೆ ಅಲ್ಲಿ ಯಾರಿಗೂ ಏನೂ ಮಾಡಲಾಗದು. ಅದಕ್ಕಾಗಿ ಟ್ಯೂನಿಂಗಿನ ಕಡತದ ಪ್ರತಿಯೊಂದನ್ನು ಮೊಬೈಲಿನಲ್ಲೂ ಇನ್ನೊಂದನ್ನು ಗ್ಯಾರೇಜಿನ ಕಂಪ್ಯೂಟರಿನಲ್ಲೂ ಇಟ್ಟಿದ್ದು, ಇದೇ ಬಗೆಯ ಎರಡನೇ ಬೋರ್ಡಿಗೆ ಹೇಳಿದ್ದೇನೆ.